ಹೋರಾಟದ ದಿನವೇ ವಾಟ್ಸ್‌ಆ್ಯಪ್ ನಿಂತರೆ: ನಿಮ್ಮ ಅನುಭವ ಹೇಳಿ

ಸಿರವಾರದಿಂದ:
ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಿಡಿ ಎಂದು ಕಳೆದ ವಾರ ಊರಾಚೆಯ ಕ್ರಾಸ್‌ನಲ್ಲಿ ರಸ್ತೆ ತಡೆ ನಡೆಸಿದೆವು. ಹನ್ನೊಂದು ಗಂಟೆಯ ಹೊತ್ತಿಗೆ ವಾಟ್ಸ್‌ಆ್ಯಪ್ ನಿಂತಿತು. ಒಂದು ಫೋಟೊ ಕೂಡ ಹೋಗಲಿಲ್ಲ. ಬೇಕೆಂದೇ ಬಂದ್ ಮಾಡಿಸಿದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದಾರೆ, ನಾನೂ ಗುಂಪಿನಲ್ಲಿ ಹಾಗೆಯೇ ಬರೆದೆ. ಮುಂದಿನ ವಾರ ಮತ್ತೆ ಕೂರುತ್ತೇವೆ. ನಿಮಗೆ ಹೀಗಾದಾಗ ಏನು ಮಾಡಿದಿರಿ?

ಮಾನ್ವಿಯಿಂದ:
ತಮ್ಮಾ, ನಮಗೂ ಹೀಗೇ ಆಗಿತ್ತು, ಅದರಿಂದ ದೊಡ್ಡ ಅನಾಹುತವೇ ಆಗುವುದಿತ್ತು. ಭತ್ತ ತೆನೆ ಕಟ್ಟುವ ಹೊತ್ತಿಗೆ ನೀರು ನಿಂತಿತು, ರಸ್ತೆಗೆ ಇಳಿದೆವು. ನಾನು ಟ್ರ್ಯಾಕ್ಟರ್ ಟ್ರ್ಯಾಲಿಯ ಮೇಲೆ ನಿಂತು, ಬಿರುಕು ಬಿಟ್ಟ ಗದ್ದೆಯ ಫೋಟೊ ಕಳುಹಿಸಿದೆ. ಫೋಟೊದ ಮೂಲೆಯಲ್ಲಿ ಪುಟ್ಟ ಗಡಿಯಾರದ ಗುರುತು ಬಂತು. ಅರ್ಧ ಗಂಟೆ ಕಳೆದರೂ ಅದು ಟಿಕ್ ಆಗಲಿಲ್ಲ. ಸಿಗ್ನಲ್ ನೋಡಿದರೆ ಪೂರ್ತಿ ಇತ್ತು. ಯಾರೋ ‘ಇಂಟರ್ನೆಟ್ ಕಡಿದರು’ ಎಂದು ಕೂಗಿದ್ದೇ ತಡ, ಹುಡುಗರು ಪೊಲೀಸರತ್ತ ನುಗ್ಗಿದರು. ಹಿರಿಯರು ಅಡ್ಡ ನಿಲ್ಲದಿದ್ದರೆ ಅಂದು ನೀರಿನ ಮಾತು ಬಿಟ್ಟುಹೋಗಿ ಕೇಸಿನ ಮಾತು ಉಳಿಯುತ್ತಿತ್ತು. ಆಮೇಲೆ ಬೈಕಿನಲ್ಲಿ ಎರಡು ಕಿಲೋಮೀಟರ್ ಆಚೆ ಹೋದ ಹುಡುಗನ ಮೊಬೈಲಿನಿಂದ ಎಲ್ಲ ಫೋಟೊಗಳೂ ಒಟ್ಟಿಗೆ ಹೋದವು. ಸಾವಿರಾರು ಜನ ಒಂದೇ ಟವರ್ ಕೆಳಗೆ ಕುಳಿತು ವಿಡಿಯೊ ಕಳುಹಿಸುತ್ತಿದ್ದೆವು, ಅಷ್ಟೇ. ಕೊನೆಯ ಭಾಗದವರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು: ಸಿಗ್ನಲ್ ಕಡ್ಡಿಗಳು ಕಾಲುವೆ ಇದೆ ಎನ್ನುತ್ತವೆ, ನೀರು ಇದೆ ಎನ್ನುವುದಿಲ್ಲ.

ಹಾಗೆಂದು ನಿಮ್ಮ ಅನುಮಾನ ಹುರುಳಿಲ್ಲದ್ದಲ್ಲ. 2021ರ ಜನವರಿ 26ರಂದು ದೆಹಲಿಯ ಸಿಂಘು, ಟಿಕ್ರಿ, ಗಾಜಿಪುರ ಗಡಿಗಳಲ್ಲಿ ರೈತರು ಕುಳಿತಿದ್ದ ಕಡೆ ಇಂಟರ್ನೆಟ್ ನಿಲ್ಲಿಸಿದ್ದರು. ಫೆಬ್ರುವರಿ 1ರಂದು ಟ್ವಿಟರ್‌ನಲ್ಲಿ ಆ ಹೋರಾಟದ ಸುದ್ದಿ ಹಾಕುತ್ತಿದ್ದ ಕಿಸಾನ್ ಏಕತಾ ಮೋರ್ಚಾದ ಖಾತೆಯನ್ನೇ ಕೆಲವು ಗಂಟೆ ತಡೆಹಿಡಿದರು. ಆದರೆ ಇಂಟರ್ನೆಟ್ ನಿಲ್ಲಿಸಲು ಲಿಖಿತ ಆದೇಶ ಬೇಕು, ಅದನ್ನು ಪ್ರಕಟಿಸಲೂ ಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಹೇಳಿದೆ. ಅನುಮಾನ ಬಂದರೆ ಕೂಗಾಡಬೇಡಿ, ತಹಶೀಲ್ದಾರರ ಮುಂದೆ ನಿಂತು ‘ಆದೇಶದ ಪ್ರತಿ ಕೊಡಿ’ ಎಂದು ಕೇಳಿ, ಕೇಳಿದ್ದನ್ನು ಬರವಣಿಗೆಯಲ್ಲಿ ಇಡಿ.

ಸಿರುಗುಪ್ಪದಿಂದ:
ನನ್ನದು ಮೊಬೈಲ್ ರಿಪೇರಿ ಅಂಗಡಿ. ಅಣ್ಣ ಹೇಳಿದ ಗಡಿಯಾರದ ಗುರುತು ಇದ್ದರೆ ಸಂದೇಶ ನಿಮ್ಮ ಮೊಬೈಲ್ ಬಿಟ್ಟು ಹೊರಟೇ ಇಲ್ಲ. ಒಂದು ಟಿಕ್ ಬಿದ್ದರೆ ಹೊರಟಿದೆ, ಆಚೆಯವರಿಗೆ ಇನ್ನೂ ತಲುಪಿಲ್ಲ. ಗಡಿಯಾರ ನಿಂತೇ ಇದ್ದರೆ ಮೊದಲು ಬ್ರೌಸರ್‌ನಲ್ಲಿ ಬೇರೆ ಯಾವುದಾದರೂ ಪುಟ ತೆರೆಯಿರಿ. ಅದು ತೆರೆದರೆ ಆ್ಯಪ್‌ನಲ್ಲೇ ತೊಂದರೆ. ಆಗ ಬೇರೆ ಜಿಲ್ಲೆಯ ನೆಂಟರಿಗೆ ಸಾಮಾನ್ಯ ಕರೆ ಮಾಡಿ, ಅಲ್ಲಿಯೂ ನಿಂತಿದೆಯೇ ಕೇಳಿ.

ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಹೋರಾಟನಿರತ ರೈತರ ಮೇಲೆ ವಾಹನ ಹರಿದದ್ದು 2021ರ ಅಕ್ಟೋಬರ್ 3ರಂದು. ಮರುದಿನ ರಾತ್ರಿ ಒಂಬತ್ತರ ಸುಮಾರಿಗೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ನಿಂತವು. ರೈತರ ಸುದ್ದಿ ಮುಚ್ಚಲು ಹೀಗೆ ಮಾಡಿದ್ದಾರೆ ಎಂದು ನನ್ನ ಗೆಳೆಯರು ನಂಬಿಬಿಟ್ಟರು. ಆದರೆ ಅಂದು ಇಡೀ ಜಗತ್ತಿನಲ್ಲೇ ಸುಮಾರು ಆರು ಗಂಟೆ ನಿಂತಿತ್ತು. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಒಂದು ತಪ್ಪು ಕಂಪ್ಯೂಟರ್ ಆದೇಶದಿಂದ, ಆ ಮೂರನ್ನೂ ನಡೆಸುವ ಫೇಸ್‌ಬುಕ್ ಕಂಪನಿಯ ಡೇಟಾ ಕೇಂದ್ರಗಳ ನಡುವಿನ ಸಂಪರ್ಕವೇ ಕಡಿದುಹೋಗಿತ್ತು.

ಗಂಗಾವತಿಯಿಂದ:
ತಮ್ಮಾ, ಕಾರಣ ಏನೇ ಇರಲಿ, ಒಂದೇ ಆ್ಯಪ್ ನಂಬಿ ಕೂರಬೇಡಿ. ನಮ್ಮ ಸ್ವಸಹಾಯ ಸಂಘದ ಮಹಿಳೆಯರು ಊರಿಗೊಬ್ಬರಂತೆ ಹೆಸರು, ನಂಬರ್ ಕಾಗದದಲ್ಲಿ ಬರೆದು ರವಿಕೆಯಲ್ಲಿ ಇಟ್ಟುಕೊಂಡಿರುತ್ತೇವೆ. ಒಬ್ಬರು ಐವರಿಗೆ ಕರೆ ಮಾಡಬೇಕು, ಆ ಐವರು ಮತ್ತೆ ಐವರಿಗೆ. ಇಂಟರ್ನೆಟ್ ನಿಂತರೂ ಕರೆ, ಎಸ್‌ಎಂಎಸ್ ಬಹುತೇಕ ನಡೆಯುತ್ತವೆ. ಫೋಟೊ ತೆಗೆಯಲು ಮೂವರು ಸಾಕು. ಎಲ್ಲರೂ ಲೈವ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

ಸಿರವಾರದಿಂದ:
ಅಣ್ಣಂದಿರಿಗೂ ಅಕ್ಕನಿಗೂ ವಂದನೆಗಳು. ಇಂದು ಬಸ್ ನಿಲ್ದಾಣದ ಬಳಿಯ ಚಹಾ ಅಂಗಡಿಗೆ ಹೋಗಿ, ಅಂದಿನ ಕ್ಯೂಆರ್ ಪಾವತಿಗಳನ್ನು ತೋರಿಸಿ ಎಂದು ಕೇಳಿದೆ. 11 ಗಂಟೆ 8 ನಿಮಿಷಕ್ಕೆ ಹತ್ತು ರೂಪಾಯಿ, 11 ಗಂಟೆ 21 ನಿಮಿಷಕ್ಕೆ ಮೂವತ್ತು ರೂಪಾಯಿ ಬಂದಿದೆ. ಊರಿನಲ್ಲಿ ಇಂಟರ್ನೆಟ್ ಇತ್ತು. ಗುಂಪಿನಲ್ಲಿ ನಾನು ಬರೆದದ್ದು ತಪ್ಪು ಎಂದು ಈಗಲೇ ಹಾಕುತ್ತೇನೆ, ನಂಬರ್‌ಗಳ ಪಟ್ಟಿಯನ್ನೂ ಇಂದು ರಾತ್ರಿಯೇ ಬರೆಯುತ್ತೇವೆ.