ಅಪಾರ್ಟ್‌ಮೆಂಟ್ ಕಟ್ಟುವ ಮುಂಚೆ ಪುರಾತತ್ವದವರು ಅಗೆಯುವುದು ಯಾಕೆ?

ಪ್ರಶ್ನೆ: ಸರ್, ಹಳೇ ಊರಿನ ಮಧ್ಯೆ ಬರಲಿರುವ ಅಪಾರ್ಟ್‌ಮೆಂಟಿನಲ್ಲಿ ಮನೆ ಬುಕ್ ಮಾಡಿದ್ದೇವೆ. ಈಗ ನೋಡಿದರೆ ಪಾಯ ತೆಗೆಯುವ ಮುಂಚೆ ಪುರಾತತ್ವದವರು ಅಗೆಯಬೇಕಂತೆ. ಅಲ್ಲಿ ಮೊದಲು ಗೋದಾಮು ಇತ್ತು, ಅದನ್ನು ಕೆಡವಿದ್ದಾರೆ. ಅದರಡಿ ಏನು ಉಳಿದಿರುತ್ತದೆ? ಏನಾದರೂ ಸಿಕ್ಕಿಬಿಟ್ಟರೆ ನಮ್ಮ ಮನೆ ಗತಿ ಏನು?

ಉತ್ತರ: ಮೇಡಂ, ಮೊದಲು ಮನೆ ವಿಷಯ ಹೇಳುತ್ತೇನೆ. ಬಹುತೇಕ ಕಡೆ ಉತ್ಖನನ ಮುಗಿದ ಮೇಲೆ ಕಟ್ಟಡ ಏಳುತ್ತದೆ. ತೀರಾ ಅಪರೂಪದ್ದು ಸಿಕ್ಕರೆ ಅದನ್ನು ಮಣ್ಣಿನಲ್ಲೇ ಬಿಟ್ಟು, ಪೈಲ್‌ಗಳ (ಪಾಯಕ್ಕಾಗಿ ನೆಲದಾಳಕ್ಕೆ ಇಳಿಸುವ ಕಂಬಗಳ) ಜಾಗ ಬದಲಿಸಿಯೋ ನೆಲಮಾಳಿಗೆ ಕೈಬಿಟ್ಟೋ ಕಟ್ಟುವುದುಂಟು.

ಗೋದಾಮು ಇತ್ತು ಅಂದ ಮಾತ್ರಕ್ಕೆ ಕೆಳಗಿನದೆಲ್ಲ ಹಾಳಾಗಿರುವುದಿಲ್ಲ. ಹಿಂದೆ ಒಂದು ಮನೆ ಬಿದ್ದರೆ ಅದೇ ಮಣ್ಣನ್ನು ಸಮ ಮಾಡಿ ಇನ್ನೊಂದು ಕಟ್ಟುತ್ತಿದ್ದರು. ಹಾಗಾಗಿ ಹಳೇ ಊರಿನ ನೆಲ ಪದರ ಪದರವಾಗಿ ಏರುತ್ತಾ ಬಂದಿರುತ್ತದೆ. ನೆಲಮಾಳಿಗೆ ತೋಡಿದ ಕಡೆ ಮೇಲಿನ ಪದರ ಹೋಗಿರುತ್ತದೆ, ನಿಜ. ಆದರೆ ಬಾವಿ, ಕಸದ ಗುಂಡಿ, ಪಾಯಿಖಾನೆ ಗುಂಡಿಗಳ ತಳ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ನನ್ನನ್ನು ಕೇಳಿದರೆ ಪಾಯಿಖಾನೆ ಗುಂಡಿಗಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಜನ ಯಾವ ಹಣ್ಣು, ಯಾವ ಮೀನು ತಿಂದರು, ಅವರ ಹೊಟ್ಟೆಯಲ್ಲಿ ಯಾವ ಹುಳು ಇತ್ತು, ಎಲ್ಲ ಅಲ್ಲಿ ತಿಳಿಯುತ್ತದೆ. ಬಡವರ ಊಟದ ಬಗ್ಗೆ ಯಾವ ರಾಜನೂ ಶಾಸನ ಬರೆಸಲಿಲ್ಲ, ಅಲ್ವಾ?

ನೆಲ ಒದ್ದೆಯಾಗಿದ್ದರಂತೂ ಇನ್ನೂ ಜಾಸ್ತಿ ಸಿಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಮರ, ಚರ್ಮ, ಬಟ್ಟೆ ಬೇಗ ಕೊಳೆಯುವುದಿಲ್ಲ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್‌ನಲ್ಲಿ ಶಾಪಿಂಗ್ ಸೆಂಟರ್ ಕಟ್ಟುವ ಮುಂಚೆ, 1976ರಿಂದ 1981ರವರೆಗೆ ಅಗೆದರು. ಸಾವಿರ ವರ್ಷಕ್ಕೂ ಹಿಂದೆ ಉತ್ತರ ಯೂರೋಪಿನಿಂದ ಸಮುದ್ರ ದಾಟಿ ಬಂದು ನೆಲೆಸಿದ ವೈಕಿಂಗರ ಕಾಲದ ಮರದ ಮನೆಗಳು, ಚರ್ಮದ ಚಪ್ಪಲಿಗಳು ಸಿಕ್ಕವು. ಶಾಪಿಂಗ್ ಸೆಂಟರ್ ಕೂಡ ಎದ್ದಿತು. ಅದರ ಕೆಳಗೇ 1984ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ಪ್ರಶ್ನೆ (ಇನ್ನೊಬ್ಬರು): ಜೆಸಿಬಿಯಲ್ಲಿ ಬೇಗ ಅಗೆದು, ಸಿಕ್ಕ ವಸ್ತುಗಳನ್ನು ಆರಿಸಿ ಮ್ಯೂಸಿಯಂಗೆ ಕೊಟ್ಟರೆ ಆಗುವುದಿಲ್ವಾ?

ಉತ್ತರ: ಜೆಸಿಬಿಯನ್ನು ನಾವೂ ಬಳಸುತ್ತೇವೆ. ಮೇಲಿನ ಕಾಂಕ್ರೀಟ್, ಈಚಿನ ಕಲ್ಲುಮಣ್ಣು ತೆಗೆಯಲು. ಹಳೇ ಪದರ ಹತ್ತಿರ ಬಂದಾಗ ಹಲ್ಲಿಲ್ಲದ ಬಕೆಟ್ ಹಾಕಿ ತೆಳ್ಳಗೆ ಕೆರೆಸುತ್ತೇವೆ, ನಮ್ಮವರೊಬ್ಬರು ಪಕ್ಕದಲ್ಲೇ ನಿಂತಿರುತ್ತಾರೆ. ಮಣ್ಣಿನ ಬಣ್ಣ ಬದಲಾದ ತಕ್ಷಣ ಮಷಿನ್ ನಿಲ್ಲಬೇಕು. ಅಲ್ಲಿಂದ ಮುಂದೆ ಕರಣಿ, ಬ್ರಷ್, ಜರಡಿ.

ವಸ್ತು ಮಾತ್ರ ಸಾಲದು. ಯಾವ ಪದರದಲ್ಲಿತ್ತು ಎಂದು ಗೊತ್ತಿಲ್ಲದ ನಾಣ್ಯ ಹೇಳುವುದು ಬಹಳ ಕಡಿಮೆ. ಅದೇ ನಾಣ್ಯ ಒಂದು ಮನೆಯ ನೆಲಗಾರೆಯ ಅಡಿ, ಕದಡದ ಮಣ್ಣಿನಲ್ಲಿ ಸಿಕ್ಕರೆ, ನಾಣ್ಯ ಟಂಕಿಸಿದ ಮೇಲೆಯೇ ಆ ನೆಲ ಹಾಕಿದ್ದು ಎಂದು ಗಟ್ಟಿಯಾಗಿ ಹೇಳಬಹುದು. ಅದಕ್ಕೇ ಪ್ರತಿ ಪದರಕ್ಕೂ ಒಂದು ನಂಬರ್, ನಕ್ಷೆ, ಫೋಟೋ. ಯಾವುದರ ಮೇಲೆ ಯಾವುದು ಬಂತು ಎಂದು ಜೋಡಿಸಲು 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ಎಂಬ ಪುರಾತತ್ವಜ್ಞ ರೂಪಿಸಿದ ರೇಖಾಚಿತ್ರವನ್ನೇ ಇಂದಿಗೂ ಬಳಸುತ್ತೇವೆ. ಅಗೆದ ಪದರವನ್ನು ಮತ್ತೆ ಇಡಲು ಆಗುವುದಿಲ್ಲ. ಆಗ ಬರೆದುಕೊಳ್ಳದಿದ್ದರೆ ಅದು ಎಂದೆಂದಿಗೂ ಹೋಯಿತು. ಈ ಕೆಲಸದಲ್ಲಿ ಅವಸರ ಮಾಡಿ ಎಂದು ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಖರ್ಚು ಯಾರದ್ದು ಸರ್? ತಡವಾಗದಂತೆ ನಾವು ಏನಾದರೂ ಕೇಳಬಹುದಾ?

ಉತ್ತರ: ಖರ್ಚಿನ ನಿಯಮ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1990ರಿಂದ ಸಾಮಾನ್ಯವಾಗಿ ಕಟ್ಟುವವರೇ ಭರಿಸುತ್ತಾರೆ.

ತಡದ ಬಗ್ಗೆ ಬಿಲ್ಡರ್‌ಗೆ ಒಂದೇ ಮಾತು ಕೇಳಿ: ಪಾಯದ ನಕ್ಷೆ ಅಂತಿಮ ಮಾಡುವ ಮುಂಚೆ ಪರೀಕ್ಷಾ ಕಂದಕ ತೆಗೆಸಿದ್ದೀರಾ? ಅಲ್ಲಲ್ಲಿ ಉದ್ದನೆಯ ಕಂದಕ ತೋಡಿ ನೋಡಿದರೆ ಎಲ್ಲಿ ಏನಿದೆ, ಎಷ್ಟು ಆಳದಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಆಗ ನಕ್ಷೆ ಬದಲಿಸುವುದು ಸುಲಭ. ಪೈಲ್ ಮಷಿನ್ ಬಂದು ನಿಂತ ಮೇಲೆ ಸಮಾಧಿಯೋ ಗೋಡೆಯೋ ಎದುರಾದರೆ ಆಗ ತಡ ಆಗಿಯೇ ಆಗುತ್ತದೆ. ಮಡಕೆ ಚೂರು ತೊಳೆಯುವುದು, ಕಾಲ ಗುರುತಿಸುವುದು, ವರದಿ ಬರೆಯುವುದು ಅಗೆತಕ್ಕಿಂತ ಎಷ್ಟೋ ಜಾಸ್ತಿ ಸಮಯ ಹಿಡಿಯುತ್ತವೆ. ಆದರೆ ಅದು ಜಾಗದಿಂದ ಹೊರಗೆ ನಡೆಯುವ ಕೆಲಸ, ಅದಕ್ಕಾಗಿ ನಿಮ್ಮ ಕಟ್ಟಡ ಕಾಯಬೇಕಿಲ್ಲ.

ಇನ್ನೊಂದು ಮಾತು. ಸುರಕ್ಷಿತವಾಗಿದ್ದರೆ ಜನರಿಗೆ ಜಾಗ ತೋರಿಸುವ ದಿನ ಇಡಿ ಎಂದು ಅಗೆಯುವ ತಂಡವನ್ನು ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪ್ರಶ್ನೆ ಕೇಳುವ ಜನ ಬಂದರೆ ಅಗೆಯುವವರಿಗೆ ತುಂಬಾ ಖುಷಿಯಾಗುತ್ತದೆ.