ಜೋರಾಗಿ ಓಡಿಸಿದ್ರೆ ಹಳೇ ಬೋಟಿನ ಎಂಜಿನ್ ಕಾಯ್ತಿದೆ, ಪವರ್ರೂ ಇಲ್ಲ, ಎಂಜಿನ್ನೇ ಬದಲಿಸ್ಬೇಕಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ, ನಾವಿರೋದು ಮೇರಿಲ್ಯಾಂಡ್‌ನಲ್ಲಿ, ಬೋಟು ಚೆಸಪೀಕ್ ಕೊಲ್ಲೀಲಿ ನಿಲ್ಸಿರ್ತೀವಿ. 1990ರ 26 ಅಡಿ ಫ್ಯಾಮಿಲಿ ಕ್ರೂಸರ್, ಒಂದೇ ಎಂಜಿನ್ನು, ಮರ್ಕ್ರೂಸರ್ 5.7 ಲೀಟರ್ ವಿ8, ಕಾರ್ಬ್ಯುರೇಟರ್‌ದು, ಆಲ್ಫಾ ಒನ್ ಡ್ರೈವ್ (ಬೋಟಿನ ಹಿಂದೆ ಹೊರಗಿದ್ದು ಪ್ರಾಪೆಲ್ಲರ್ ತಿರುಗಿಸೋ ಭಾಗ), ಕೂಲಂಟ್ ಇಲ್ಲ, ಹೊರಗಿನ ನೀರೇ ಎಂಜಿನ್ ಒಳಗೆ ಸುತ್ತುತ್ತೆ. ನಿಧಾನಕ್ಕೆ ಹೋದ್ರೆ ಟೆಂಪರೇಚರ್ 160 ಫ್ಯಾರನ್‌ಹೀಟ್ ದಾಟಲ್ಲ, 3000 ಆರ್‌ಪಿಎಂ ಮೇಲೆ ಸ್ವಲ್ಪ ಹೊತ್ತು ಓಡಿಸಿದ್ರೆ 210ಕ್ಕೆ ಏರುತ್ತೆ, ಕಮ್ಮಿ ಮಾಡಿದ್ರೆ ಇಳಿಯುತ್ತೆ. ಫುಲ್ ಥ್ರಾಟಲ್ ಕೊಟ್ರೂ 3600 ದಾಟಲ್ಲ, ಮೂತಿ ಮೇಲಕ್ಕೆತ್ಕೊಂಡು ನೀರನ್ನ ಉಳ್ತಾ ಹೋಗುತ್ತೆ. ಹೋದ ವರ್ಷ ಹೊಸ ಇಂಪೆಲ್ಲರ್ (ನೀರಿನ ಪಂಪ್ ಒಳಗೆ ತಿರುಗೋ ರಬ್ಬರ್ ಚಕ್ರ) ಹಾಕಿಸಿದೀವಿ. ಇಲ್ಲಿನ ಮೆಕ್ಯಾನಿಕ್ ಎಂಜಿನ್ ಮುಗೀತು, ಹೊಸದು ಹಾಕ್ಸಿ ಅಂತಾರೆ. ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಅವ್ರನ್ನ ಕೂರಿಸ್ಕೊಂಡು ಹೋಗೋ ಆಸೆ.

ಉತ್ತರ (ಮರೀನ್ ಮೆಕ್ಯಾನಿಕ್):
ಎಂಜಿನ್ ಮುಗೀತು ಅಂತ ಈಗ್ಲೇ ಒಪ್ಕೋಬೇಡಿ. ನಿಧಾನದಲ್ಲಿ ಸರಿಯಾಗಿದ್ದು ಜೋರಲ್ಲಿ ಮಾತ್ರ ಕಾಯ್ತಿದೆ ಅಂದ್ರೆ ನೀರು ಬರ್ತಿದೆ ಆದ್ರೆ ಸಾಕಾಗ್ತಿಲ್ಲ, ಹೆಚ್ಚಾಗಿ ಎಲ್ಲೋ ದಾರಿ ಕಟ್ಕೊಂಡಿರುತ್ತೆ. ನನ್ನ ಮೊದಲ ಪ್ರಶ್ನೆ, ಹಳೇ ಇಂಪೆಲ್ಲರ್ ಬಿಚ್ಚಿದಾಗ ಅದರ ರಬ್ಬರ್ ರೆಕ್ಕೆಗಳೆಲ್ಲ ಇದ್ವಾ? ಮುರಿದಿದ್ರೆ ಆ ತುಂಡುಗಳು ಎಲ್ಲೂ ಮಾಯ ಆಗಲ್ಲ, ನೀರಿನ ಜೊತೆ ಮುಂದಕ್ಕೆ ಹೋಗಿ ಸಿಕ್ಕಾಕ್ಕೊಂಡಿರ್ತವೆ. ಆಲ್ಫಾ ಡ್ರೈವ್‌ನಲ್ಲಿ ಪಂಪ್ ಇರೋದು ಹೊರಗೆ, ಡ್ರೈವ್ ಒಳಗೇ, ಅಲ್ಲಿಂದ ನೀರು ಟ್ರಾನ್ಸಮ್ (ಬೋಟಿನ ಹಿಂದಿನ ಗೋಡೆ) ದಾಟಿ ಮೊದ್ಲು ಪವರ್ ಸ್ಟೀರಿಂಗ್ ಕೂಲರ್‌ಗೆ ಬರುತ್ತೆ, ಕೂಲರ್‌ನ ಸಣ್ಣ ಟ್ಯೂಬ್‌ಗಳು ಜರಡಿ ಥರ ಎಲ್ಲಾನೂ ಹಿಡ್ಕೊಳ್ತವೆ. ಬೋಟು ನೀರಲ್ಲಿದ್ರೆ ಕೂಲರ್‌ಗೆ ನೀರು ತರೋ ಹೋಸ್ ಬಿಚ್ಬೇಡಿ, ಮೇಲಕ್ಕೆ ಎತ್ಸಿ ಆಮೇಲೆ ಬಿಚ್ಚಿ, ಟಾರ್ಚ್ ಹಾಕಿ ನೋಡಿ. ಹಾಗೇ ಗಿಂಬಲ್ (ಡ್ರೈವ್ ಬೋಟಿಗೆ ಸೇರೋ ಕೀಲು) ಹತ್ರ ನೀರು ಒಳಗೆ ಬರೋ ಪ್ಲಾಸ್ಟಿಕ್ ಫಿಟಿಂಗ್ ಇರುತ್ತೆ, ಹಿಂದೆ ಒಮ್ಮೆ ಚೆನ್ನಾಗಿ ಕಾದಿದ್ರೆ ಅದು ಕರಗಿ ಕಿರಿದಾಗಿರ್ಬೋದು, ಇದನ್ನ ನೋಡದೇ ಬಿಡೋರೇ ಜಾಸ್ತಿ.

ಅಲ್ಲೆಲ್ಲ ಕ್ಲೀನ್ ಇದ್ರೆ ಮ್ಯಾನಿಫೋಲ್ಡ್ ಮತ್ತು ರೈಸರ್ ನೋಡಿ, ಅಂದ್ರೆ ಎಂಜಿನ್ ಹೊಗೆ ಹೊರಗೆ ಸಾಗಿಸೋ, ಸುತ್ತ ನೀರು ಹರಿಯೋ ಕೊಳವೆಗಳು. ಚೆಸಪೀಕ್ ನೀರು ಉಪ್ಪು ಬೆರೆತಿದ್ದು, ಎರಕದ ಕಬ್ಬಿಣ ಒಳಗಿಂದ ತುಕ್ಕು ಹಿಡಿದು ದಾರಿ ಮುಚ್ಕೊಳ್ಳುತ್ತೆ. ಇನ್‌ಫ್ರಾರೆಡ್ ಗನ್ ಹಿಡಿದು ಎರಡೂ ಕಡೆ ರೈಸರ್ ಅಳೀರಿ, ಒಂದು ಕಡೆ ತುಂಬಾ ಬಿಸಿ ಇದ್ರೆ ಕಟ್ಟಿರೋದು ಅಲ್ಲೇ. ಒಳಗೆ ತೂತು ಬಿದ್ರೆ ನೀರು ಸಿಲಿಂಡರ್‌ಗೆ ಇಳಿದು ಆವಾಗ ನಿಜವಾಗ್ಲೂ ಎಂಜಿನ್ ಮುಗಿಯುತ್ತೆ, ಅದಕ್ಕೇ ಎಷ್ಟು ವರ್ಷದ್ದು ಅಂತ ಗೊತ್ತಿಲ್ದಿದ್ರೆ ಬದಲಿಸೋದೇ ವಾಸಿ.

ಅಲ್ಲೀವರೆಗೂ ದಯವಿಟ್ಟು ಜೋರಾಗಿ ಓಡಿಸ್ಬೇಡಿ. ನೀರು ಸಾಲದೇ ಎಕ್ಸಾಸ್ಟ್ ರಬ್ಬರ್ ಹೋಸ್ ಸುಟ್ರೆ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್‌ಗೆ ಬರುತ್ತೆ, ಒಳಗೆ ಯಾರಾದ್ರೂ ಮಲಗಿದ್ರೆ ಗೊತ್ತೇ ಆಗಲ್ಲ. ಕ್ಯಾಬಿನ್‌ನಲ್ಲಿ ಅಲಾರ್ಮ್ ಇಲ್ದಿದ್ರೆ ಅಪ್ಪ ಅಮ್ಮ ಹತ್ತೋಕೆ ಮುಂಚೆ ಹಾಕ್ಸಿ.

ಇನ್ನೊಬ್ಬರು:
ನಂದು ಬ್ರಾವೋ ಡ್ರೈವ್, ನನಗೂ ಇದೇನಾ?

ಉತ್ತರ:
ನಿಮ್ಮದ್ರಲ್ಲಿ ಪಂಪ್ ಸಾಮಾನ್ಯವಾಗಿ ಎಂಜಿನ್ ಮುಂದೆ ಇದ್ದು ಬೆಲ್ಟ್‌ನಿಂದ ತಿರುಗುತ್ತೆ, ಬೆಲ್ಟ್ ಸಡಿಲ ಇದೆಯಾ ಅಂತಾನೂ ನೋಡಿ. ಮಿಕ್ಕಿದ್ದು ಇದೇ ದಾರಿ.

ಮೊದಲು ಕೇಳಿದವರು:
ಸರ್, ಬೋಟು ಎತ್ಸಿದ್ವಿ, ಕೂಲರ್ ಬಾಯಲ್ಲೇ ಎರಡು ರೆಕ್ಕೆ ತುಂಡು, ಜೊತೆಗೆ ಹುಲ್ಲಿನ ಉಂಡೆ ಸಿಕ್ತು! ಮ್ಯಾನಿಫೋಲ್ಡೂ ಹೊಸದು ಹಾಕ್ಸಿದ್ವಿ. ಈಗ 160ರಲ್ಲೇ ನಿಲ್ಲುತ್ತೆ. ಆದ್ರೆ ಆರ್‌ಪಿಎಂ 3800 ಅಷ್ಟೇ.

ಉತ್ತರ:
ತುಂಬಾ ಖುಷಿಯಾಯ್ತು. ಮಿಕ್ಕಿದ್ದು ಬೇರೆ ಕಾಯಿಲೆ, ಆದ್ರೆ ಇದನ್ನ ಸರಿ ಮಾಡದೇ ಬಿಟ್ರೆ ಎಂಜಿನ್ ಮೇಲೆ ಭಾರ ಬಿದ್ದು ಮತ್ತೆ ಕಾಯುತ್ತೆ. ಈ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ ಕಮ್ಮಿ ಅಂದ್ರೂ 4200 ಮುಟ್ಬೇಕು. ಮೊದ್ಲು ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಅನ್ನೋ ಪರೀಕ್ಷೆ) ಮಾಡ್ಸಿ, ಎಂಟು ಸಿಲಿಂಡರ್‌ಗಳಲ್ಲಿ ಅತಿ ಕಮ್ಮಿ ಇರೋದು ಅತಿ ಹೆಚ್ಚಿನದರ ಶೇಕಡಾ 70ಕ್ಕಿಂತ ಮೇಲಿದ್ರೆ ಎಂಜಿನ್ ಬದಲಿಸೋ ಮಾತು ಬಿಟ್ಟುಬಿಡಿ. ಬೋಟಿನ ತಳದಲ್ಲಿ ಪಾಚಿ, ಚಿಪ್ಪು ಅಂಟಿದ್ರೆ ಅದೊಂದೇ ನೂರಾರು ಆರ್‌ಪಿಎಂ ತಿನ್ನುತ್ತೆ. ಒಬ್ರು ಎಂಜಿನ್ ಆಫ್ ಇರುವಾಗ ಲಿವರ್ ಪೂರ್ತಿ ತಳ್ಳಲಿ, ಕಾರ್ಬ್ಯುರೇಟರ್ ಬಾಯಿ ಪೂರ್ತಿ ತೆರೆಯುತ್ತಾ ನೀವು ನೋಡಿ, ಕೇಬಲ್ ಸಡಿಲ ಇದ್ರೆ ತೆರೆಯಲ್ಲ. ನೀರು ಬೇರ್ಪಡಿಸೋ ಫ್ಯೂಯೆಲ್ ಫಿಲ್ಟರ್ ಹೊಸದು ಹಾಕಿ, ಟ್ಯಾಂಕ್ ಮೇಲಿನ ಆಂಟಿ ಸೈಫನ್ ವಾಲ್ವ್ (ಪೈಪ್ ಒಡೆದ್ರೆ ಪೆಟ್ರೋಲ್ ತಾನಾಗೇ ಸೋರದಂತೆ ತಡೆಯೋದು) ಬಿಚ್ಚಿ ಕಸ ಇದೆಯಾ ನೋಡಿ, ಅದರೊಳಗಿನ ಸಣ್ಣ ಗುಂಡು ಅಂಟ್ಕೊಂಡ್ರೆ ಜೋರಲ್ಲಿ ಪೆಟ್ರೋಲ್ ಸಾಲಲ್ಲ. ಪೆಟ್ರೋಲ್ ಕೆಲಸ ಮುಗಿದ ಮೇಲೆ ಬ್ಲೋವರ್ (ಎಂಜಿನ್ ಜಾಗದ ಗಾಳಿ ಹೊರಗೆ ತಳ್ಳೋ ಫ್ಯಾನ್) ಕನಿಷ್ಠ 4 ನಿಮಿಷ ಹಾಕಿ, ಎಂಜಿನ್ ಜಾಗ ಮೂಸಿ ನೋಡಿ, ವಾಸನೆ ಇಲ್ದಿದ್ರೆ ಮಾತ್ರ ಕೀ ತಿರುಗಿಸಿ. ಇಷ್ಟೂ ಸರಿಯಾಗಿದ್ದು 3800ರಲ್ಲೇ ನಿಂತ್ರೆ ಪ್ರಾಪೆಲ್ಲರ್ ಮೇಲಿರೋ ಪಿಚ್ ನಂಬರ್ (ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗ್ಬೇಕು ಅನ್ನೋದು) ಇಲ್ಲಿ ಹಾಕಿ, ಪಿಚ್ ಒಂದಿಂಚು ಇಳಿಸಿದ್ರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ, ನಿಮಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.