ಕೋಟೆಗೊಂದು ಕಲ್ಲುಬೆಂಚು

ವಾಟ್ಸಾಪ್ ಗುಂಪು: ಮಡಿಕೇರಿ ಹೈಸ್ಕೂಲ್, 1999ರ ಬ್ಯಾಚ್

ಶನಿವಾರ

ಶಶಿ: [ಪಿಡಿಎಫ್: ಕೊಡಗು ಜಿಲ್ಲೆಯ ರಕ್ಷಿತ ಸ್ಮಾರಕಗಳು]

ಶಶಿ: ಎಲ್ಲರೂ ಇದನ್ನು ಒಮ್ಮೆ ತೆರೆದು ನೋಡಿ. 25ನೇ ವರ್ಷಕ್ಕೆ ಅಂತ ಕೂಡಿಸಿದ ಹಣ ಬ್ಯಾಂಕಲ್ಲಿ ಸುಮ್ನೆ ಕೂತಿದೆ. ಈ ಪಟ್ಟಿಯಿಂದ ಒಂದು ಜಾಗ ಆರಿಸಿ ಏನಾದರೂ ಮಾಡೋಣ. ನನ್ನ ಓಟು ಮಡಿಕೇರಿ ಕೋಟೆಗೆ. ಅರಮನೆ ಮುಂದಿನ ಆನೆಗಳ ಪಕ್ಕ ಎರಡು ಕಲ್ಲುಬೆಂಚು, ಮೇಲೆ ನಮ್ಮ ಬ್ಯಾಚಿನ ಹೆಸರು.

ಸುನಿಲ್: ದುಬೈಯಿಂದ ಒಂದು ಓಟು. ಬೆಂಚಿಗೆ ಜೈ.

ರಫೀಕ್: ಕೋಟೆಯೊಳಗೆ ಬೆಂಚಾ? ಯಾರನ್ನು ಕೇಳಿ ಹಾಕುತ್ತೀಯ ಮಾರಾಯ?

ಶಶಿ: ದಾನ ಕೊಡುತ್ತೇವೆ ಅಂದರೆ ಬೇಡ ಅನ್ನುತ್ತಾರಾ?

ರಫೀಕ್: ನನ್ನ ಮನೆ ಕೋಟೆ ಗೋಡೆಯಿಂದ ಕೂಗಿದರೆ ಕೇಳುವಷ್ಟು ದೂರ. ಮಗಳಿಗೆ ಮಹಡಿ ಮೇಲೆ ಒಂದು ರೂಮು ಕಟ್ಟಬೇಕು ಅಂತ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆದಿದೆ. ನನ್ನ ಸ್ವಂತ ಜಾಗದಲ್ಲೇ ಇಟ್ಟಿಗೆ ಇಡೋಕೆ ಬಿಡಲ್ಲ. ನೀನು ಬೆಂಗಳೂರಿಂದ ಬಂದು ಅರಮನೆ ಅಂಗಳದಲ್ಲಿ ಹೆಸರು ಕೆತ್ತಿಸುತ್ತೀಯ.

ಪಾರ್ವತಿ: ಶಶಿ, ಅವನು ಹೇಳೋದು ಸರಿ. ಅದು ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ತೆಗೆದುಕೊಂಡೇ ಕಟ್ಟಬೇಕು. ಒಳಗೆ ಬೆಂಚಿನ ಮಾತು ಮರೆತುಬಿಡು.

ಪಾರ್ವತಿ: ಹಳೇ ಮನೆಯ ರಿಪೇರಿಗೆ ಅವಕಾಶ ಇದೆ ರಫೀಕ್. ಅದಕ್ಕೂ ಅನುಮತಿ ಬೇಕು ಅಷ್ಟೇ.

ರಫೀಕ್: ಅಷ್ಟೇ ಅಂತೆ! ಜೂನ್ ತಿಂಗಳ ಮಳೆಗೂ ಅನುಮತಿ ಬರೋವರೆಗೆ ಕಾಯಿ ಅಂತ ಹೇಳು.

ಲತಾ: ಸಿಟ್ಟಾಗಬೇಡ ರಫೀಕ್. ಆ ನಿಯಮ ಇಲ್ಲದಿದ್ದರೆ ಕೋಟೆ ಸುತ್ತ ನಾಲ್ಕಂತಸ್ತಿನ ಲಾಡ್ಜ್‌ಗಳು ಏಳುತ್ತಿದ್ದವು. ಗುಡ್ಡ ಕಡಿದು ಕಟ್ಟಿದರೆ ಏನಾಗುತ್ತದೆ ಅಂತ 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ನೋಡಿಲ್ಲವಾ?

ರಫೀಕ್: ಲಾಡ್ಜಿಗೂ ನನ್ನ ಒಂದು ರೂಮಿಗೂ ಒಂದೇ ನಿಯಮ ಯಾಕೆ ಅಂತ ನನ್ನ ಪ್ರಶ್ನೆ. ನಾಲ್ಕಂತಸ್ತಿನವನಿಗೆ ಓಡಾಡೋಕೆ ವಕೀಲ ಇರುತ್ತಾನೆ. ನನಗೆ ಅಂಗಡಿ ಬಾಗಿಲು ಮುಚ್ಚಿ ಹೋಗಬೇಕು.

ಲತಾ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶಶಿ: ಸರಿ ಬೆಂಚು ಬೇಡ. ಆದರೆ ಒಂದು ಮಾತು. ಅಂಥ ಅರಮನೆಯನ್ನು ಸರ್ಕಾರಿ ಆಫೀಸು ಮಾಡಿ ಹಾಳು ಮಾಡಿದರು. ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಇನ್ನೇನೇನೋ. ಮರದ ಕೆಲಸದ ಮೇಲೆ ಟ್ಯೂಬ್‌ಲೈಟ್, ಪ್ಲೈವುಡ್ ಗೋಡೆ, ಮೂಲೆ ಮೂಲೆಗೆ ಕಡತದ ಕಟ್ಟು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬೋಪಣ್ಣ: ಇಷ್ಟು ಹೊತ್ತು ತೋಟದಲ್ಲಿದ್ದೆ, ಈಗ ಓದಿದೆ. ಶಶಿ, ನಾನು ಇದಕ್ಕೆ ಉಲ್ಟಾ ಹೇಳುತ್ತೇನೆ. ಆಫೀಸು ಇದ್ದಿದ್ದರಿಂದಲೇ ಆ ಅರಮನೆ ಉಳಿಯಿತು.

ಶಶಿ: ಏನು?!

ಬೋಪಣ್ಣ: ಕೊಡಗಿನ ರಾಜ ಲಿಂಗರಾಜೇಂದ್ರ ಅದನ್ನು ಕಟ್ಟಿಸಿದ್ದು 1812ರಿಂದ 1814ರಲ್ಲಿ. 1834ರಲ್ಲಿ ರಾಜ್ಯವೇ ಹೋಯಿತು, ಬ್ರಿಟಿಷರು ಬಂದರು. ಅಂದರೆ ರಾಜರು ಅದರಲ್ಲಿ ಇದ್ದದ್ದು ಬರೀ 20 ವರ್ಷ. ಆಮೇಲಿನ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಕೂತವರು ಗುಮಾಸ್ತರು. ಸೋರಿದರೆ ಸಾಹೇಬರ ಮೇಜು ನೆನೆಯುತ್ತದೆ. ಮೇಜು ನೆನೆದರೆ ಮಾರನೇ ದಿನ ಯಾರೋ ಒಬ್ಬ ಮಾಡು ಹತ್ತುತ್ತಾನೆ. ನಮ್ಮೂರಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ. ಒಂದು ಹಂಚು ಜಾರಿದರೆ ಎರಡೇ ಮಳೆಗಾಲಕ್ಕೆ ಕೆಳಗಿನ ಪಕಾಸಿ ಮರ ಕೊಳೆಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಹಾರೆ ಹಿಡಿದು ಬಂದವನನ್ನು ತಡೆಯಬಹುದು. ಮಳೆಯನ್ನು ತಡೆಯೋಕೆ ಆಗಲ್ಲ.

ಪಾರ್ವತಿ: ಮಾಡು ಹತ್ತಿದವನು ಏನು ಮಾಡಿದ ಅಂತಲೂ ಹೇಳು ಬೋಪಣ್ಣ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದ. ಹಳೇ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲ್ಲ. ಒಳಗೊಳಗೇ ಗೋಡೆ ಪುಡಿಯಾಗುತ್ತದೆ. ಇಂಥ ರಿಪೇರಿ ಮಾಡೋದಕ್ಕಿಂತ ಮಾಡದೇ ಇರೋದು ಎಷ್ಟೋ ಸಲ ವಾಸಿ.

ಬೋಪಣ್ಣ: ತಪ್ಪಾಗಿ ರಿಪೇರಿ ಮಾಡಿದ್ದನ್ನು ನಿನ್ನಂಥವರು ಸರಿ ಮಾಡಬಹುದು. ಬಿದ್ದು ಹೋದದ್ದನ್ನು?

ಪಾರ್ವತಿ: ಹೂಂ. ಅದು ಸರಿ.

ಶಶಿ: ಹಾಗಾದರೆ ಹೈಕೋರ್ಟಲ್ಲಿ ಪಿಐಎಲ್ ನಡೆದು ಆಫೀಸುಗಳನ್ನು ಹೊರಗೆ ಹಾಕಿದ್ದು ತಪ್ಪಾ?

ಬೋಪಣ್ಣ: ತಪ್ಪು ಅನ್ನಲ್ಲ. ಹೊರಗೆ ಹಾಕಿದ ಮೇಲೆ ಒಳಗೆ ಯಾರು ಅಂತ ಮೊದಲೇ ಯೋಚಿಸಬೇಕಿತ್ತು ಅನ್ನುತ್ತೇನೆ. ಅದೇ ಕೋಟೆಯೊಳಗಿನ ಕೋಟೆ ಗಣಪತಿ ದೇವಸ್ಥಾನ ನೋಡು. ದಿನಾ ಬಾಗಿಲು ತೆರೆಯುತ್ತದೆ, ದಸರೆಗೆ ಮಂಟಪ ಹೊರಡುತ್ತದೆ. ಅದನ್ನು ಉಳಿಸಿ ಅಂತ ಯಾರೂ ಕೋರ್ಟಿಗೆ ಹೋಗಬೇಕಾಗಿಲ್ಲ.

ಲತಾ: ಚರ್ಚ್ ಕೂಡ ಸೇರಿಸು. ಸೇಂಟ್ ಮಾರ್ಕ್ಸ್ ಚರ್ಚು 1859ರದ್ದು. ಪ್ರಾರ್ಥನೆ ನಿಂತ ಮೇಲೆ 1971ರಲ್ಲಿ ಮ್ಯೂಸಿಯಂ ಆಯಿತು. ವೀರಗಲ್ಲು, ಜೈನ ಮೂರ್ತಿಗಳು ಎಲ್ಲ ಅಲ್ಲೇ ಇವೆ. ನಾನು ಪ್ರತಿ ವರ್ಷ ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮಕ್ಕಳು ಓಡೋದು ಮಾತ್ರ ಆನೆ ಹತ್ತಿರ.

ಸುನಿಲ್: ನಾವೂ ಹಾಗೇ ಓಡುತ್ತಿದ್ದೆವು. ರಾಜ ಸಿಟ್ಟಲ್ಲಿ ಎರಡು ಆನೆ ಕೊಲ್ಲಿಸಿದ, ಆಮೇಲೆ ಪಶ್ಚಾತ್ತಾಪಪಟ್ಟು ಅದೇ ಅಳತೆಯ ಗಾರೆ ಆನೆ ಮಾಡಿಸಿದ ಅಂತ ಕಥೆ. ನಿಜವಾ?

ಲತಾ: ಕಥೆ ಅಂತ ನೀನೇ ಹೇಳಿದೆಯಲ್ಲ.

ಬೋಪಣ್ಣ: ಇನ್ನೊಂದು. ಶಶಿ ಹೇಳುವ ಹಾಗೆ ‘ಮೂಲ ರೂಪ’ ಅಂದರೆ ಯಾವುದು? ಮುದ್ದುರಾಜ ಮಣ್ಣಿನ ಕೋಟೆ ಕಟ್ಟಿದ. ಟಿಪ್ಪು ಅದನ್ನು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರನ ಕೈಗೆ ಬಂತು. ಲಿಂಗರಾಜೇಂದ್ರ ಅರಮನೆ ಕಟ್ಟಿದ. ಬ್ರಿಟಿಷರು ಚರ್ಚು ಕಟ್ಟಿದರು. ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು.

ಸುನಿಲ್: ಟಿಪ್ಪು ಹೆಸರು ಬಂತು. ಇನ್ನು ಗುಂಪು ಒಡೆಯುತ್ತದೆ ನೋಡಿ.

ಲತಾ: ಟಿಪ್ಪು ವಿಷಯ ಇಲ್ಲಿ ಬೇಡ. ಅಡ್ಮಿನ್ ಆಗಿ ಹೇಳುತ್ತಿದ್ದೇನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಲತಾ: ಥ್ಯಾಂಕ್ಸ್ ಸುನಿಲ್.

ಭಾನುವಾರ

ಶಶಿ: ರಾತ್ರಿ ಯೋಚನೆ ಮಾಡಿದೆ ಬೋಪಣ್ಣ. ನಿನ್ನ ವಾದಕ್ಕೆ ಸನ್ನಿ ಸೈಡ್ ಉತ್ತರ. ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ಮನೆ. ಅಲ್ಲೂ ಆರ್‌ಟಿಒ ಆಫೀಸು ಇತ್ತು. ನಾನು ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡದ್ದು ಅಲ್ಲೇ. ದೇಶದ ಸೇನೆಗೆ ಮುಖ್ಯಸ್ಥ ಆಗಿದ್ದವರ ಮನೆ ಅಂತ ಆ ಸಾಲಿನಲ್ಲಿ ನಿಂತ ಒಬ್ಬನಿಗೂ ಗೊತ್ತಿರಲಿಲ್ಲ. ಆಫೀಸು ಹೊರಗೆ ಹೋದ ಮೇಲೆ ತಾನೇ ಅದು ಮ್ಯೂಸಿಯಂ ಆಗಿದ್ದು? 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು.

ಬೋಪಣ್ಣ: ಅದು ನನ್ನ ವಾದಕ್ಕೇ ಸೇರುತ್ತದೆ. ಆರ್‌ಟಿಒ ಹೋಯಿತು, ಮ್ಯೂಸಿಯಂ ಬಂತು. ಮನೆ ಖಾಲಿ ಬೀಳಲಿಲ್ಲ. ಹಿಂದೆ ಬಿದ್ದು ಕೇಳಿದ ನಿವೃತ್ತ ಸೈನಿಕರು ಇದ್ದರು. ಈಗ ಅಂಗಳದಲ್ಲಿ ಟ್ಯಾಂಕು, ವಿಮಾನ ನೋಡೋಕೆ ಜನ ಬರುತ್ತಾರೆ.

ಗಿರೀಶ: ಎರಡು ದಿನದಿಂದ ಓದುತ್ತಿದ್ದೇನೆ. ಕೊಡಗು ಅಂದರೆ ನಿಮಗೆಲ್ಲ ಮಡಿಕೇರಿ ಪೇಟೆ ಮಾತ್ರ. ಶನಿವಾರಸಂತೆ ಕಡೆ ಒಂದು ಸಲವಾದರೂ ಬಂದಿದ್ದೀರಾ?

ಸುನಿಲ್: ಮದುವೆಗೆ ಬಂದಿದ್ದೆ. ಊಟ ಚೆನ್ನಾಗಿತ್ತು.

ಗಿರೀಶ: ಅಲ್ಲೇ ಹತ್ತಿರ ಮುಳ್ಳೂರು ಇದೆ. ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ, ಮೂರು ಬಸದಿಗಳು. ಕೊಂಗಾಳ್ವ ಅರಸರ ಕಾಲದವು. ರಾಜೇಂದ್ರ ಕೊಂಗಾಳ್ವನ 1058ರ ಶಾಸನ ಇದೆ. ಅವನ ತಾಯಿ ಪೋಚಬ್ಬರಸಿ ಕಟ್ಟಿಸಿದ ಬಸದಿ ಅದು. ನಿಮ್ಮ ಕೋಟೆ, ಅರಮನೆ, ಗದ್ದಿಗೆ ಎಲ್ಲಕ್ಕಿಂತ 600 ವರ್ಷ ಹಳೆಯದು. ಅಲ್ಲಿ ದಿನಾ ಪೂಜೆ ಮಾಡುವ ಜೈನ ಮನೆಗಳಿಲ್ಲ. ಆಫೀಸೂ ಇಲ್ಲ, ಟ್ಯಾಂಕೂ ಇಲ್ಲ. ಆದರೂ ನಿಂತಿವೆ. ಯಾಕೆ? ಪುರಾತತ್ವ ಇಲಾಖೆಯವರು ಬೇಲಿ ಹಾಕಿ, ಜರಿದದ್ದನ್ನು ಎತ್ತಿ ಕೂರಿಸಿ, ಹುಲ್ಲು ಕೀಳುವ ಒಬ್ಬ ಮನುಷ್ಯನನ್ನು ಇಟ್ಟಿದ್ದಕ್ಕೆ. ಬಳಸಿದರೆ ಮಾತ್ರ ಉಳಿಯುತ್ತದೆ ಅನ್ನೋ ಬೋಪಣ್ಣನ ಮಾತು ನಮ್ಮ ಕಡೆ ನಡೆಯಲ್ಲ.

ಪಾರ್ವತಿ: ಒಳ್ಳೇ ಮಾತು ಗಿರೀಶ. ಅವು ಕಲ್ಲಿನವು, ಅದೂ ಒಂದು ಕಾರಣ. ಕಲ್ಲು ಕಾಯುತ್ತದೆ. ಮರ ಮತ್ತು ಹಂಚು ಕಾಯಲ್ಲ.

ಬೋಪಣ್ಣ: ಒಪ್ಪಿದೆ. ಹುಲ್ಲು ಕೀಳುವ ಮನುಷ್ಯ ಅಂದೆಯಲ್ಲ, ನಾನು ಹೇಳುತ್ತಿರೋದೂ ಅವನ ಬಗ್ಗೆಯೇ. ಅವನಿಗೆ ಸಂಬಳ ಕೊಡೋದು ಇಲಾಖೆಯಾ, ದೇವಸ್ಥಾನವಾ, ಮನೆಯವರಾ, ಅದು ಆಮೇಲೆ.

ಗಿರೀಶ: ಜಾಣ! ನಾನು ಏನು ಹೇಳಿದರೂ ನಿನ್ನ ಗೂಡೆಗೇ ಹಾಕಿಕೊಳ್ಳುತ್ತೀಯ.

ಲತಾ: ಬೋಪಣ್ಣ, ನಿಮ್ಮ ಕಕ್ಕಬ್ಬೆ ಕಡೆಯ ನಾಲ್ಕುನಾಡು ಅರಮನೆ ಹೇಗಿದೆ ಈಗ? ಹೋಗಿ ಎಷ್ಟೋ ಕಾಲವಾಯಿತು.

ಬೋಪಣ್ಣ: ಅದು ರಾಜ್ಯ ಇಲಾಖೆಯ ಕೈಯಲ್ಲಿದೆ. ನಿಂತಿದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟೋಕೆ ಶುರು ಮಾಡಿದ್ದು. ಟಿಪ್ಪು ಕಾಲದಲ್ಲಿ ಕಾಡಿನೊಳಗೆ ಅಡಗೋಕೆ ಒಂದು ಜಾಗ ಬೇಕಿತ್ತು (ಲತಾ, ಕ್ಷಮಿಸು, ಹೆಸರು ಹೇಳದೆ ಆಗಲ್ಲ). 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಅಲ್ಲೇ. ಮರದ ಕೆತ್ತನೆ, ಬಣ್ಣದ ಚಿತ್ರಗಳು ಇವೆ. ತಡಿಯಂಡಮೋಳು ಬೆಟ್ಟ ಹತ್ತುವವರು ಅದರ ಮುಂದೆಯೇ ಹೋಗುತ್ತಾರೆ. ಹತ್ತರಲ್ಲಿ ಒಂಬತ್ತು ಜನ ಒಳಗೆ ಇಣುಕಲ್ಲ. ಇಣುಕಿದವರಲ್ಲೂ ಕೆಲವರು ಗೋಡೆ ಮೇಲೆ ಹೃದಯ ಕೊರೆದು ಬರುತ್ತಾರೆ.

ಶಶಿ: ಅದನ್ನೇ ಒಂದು ಒಳ್ಳೇ ಹೆರಿಟೇಜ್ ಹೋಟೆಲ್ ಮಾಡಬಹುದಲ್ಲ? ರಾಜಸ್ಥಾನದಲ್ಲಿ ಮಾಡಿಲ್ವಾ? ಬಳಕೆಯೂ ಆಯಿತು, ದುಡ್ಡೂ ಬಂತು.

ಬೋಪಣ್ಣ: ಬೇಡ ಮಾರಾಯ. ರಾಜಸ್ಥಾನದಲ್ಲಿ ಒಣಹವೆ, ದೊಡ್ಡ ದೊಡ್ಡ ಕಲ್ಲಿನ ಕೋಟೆಗಳು. ನಾಲ್ಕುನಾಡು ಅರಮನೆ ಹೆಸರಿಗೆ ಅರಮನೆ, ಅಳತೆಗೆ ಒಂದು ದೊಡ್ಡ ಮನೆ. ಅದರಲ್ಲಿ ಬಾತ್‌ರೂಮ್ ಪೈಪು ಎಳೆದರೆ ಉಳಿಯೋದು ಬೋರ್ಡು ಮಾತ್ರ.

ಲತಾ: ಆಫೀಸಾದರೂ ಪರವಾಗಿಲ್ಲ, ಹೋಟೆಲು ಬೇಡ ಅನ್ನುತ್ತೀಯ. ಸ್ವಲ್ಪ ನಿನಗೆ ಬೇಕಾದ ಹಾಗೆ ಇದೆಯಲ್ವಾ ಇದು?

ಬೋಪಣ್ಣ: ಇರಬಹುದು.

ಪಾರ್ವತಿ: ಪಟ್ಟಿ ಮೊದಲಿಂದ ಕೊನೆವರೆಗೆ ಓದಿದೆ. ರಾಜರ ಅರಮನೆ ಇದೆ, ಗೋರಿ ಇದೆ, ಬಸದಿ ಇದೆ, ಕಲ್ಗೋರಿ ಇದೆ. ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆ ಒಂದೂ ಇಲ್ಲ. ಕೊಡಗಿನ ಕಟ್ಟಡ ಅಂದರೆ ನನಗೆ ಮೊದಲು ನೆನಪಾಗೋದೇ ಅದು.

ಗಿರೀಶ: ಖಾಸಗಿ ಮನೆಯನ್ನು ಹೇಗೆ ಸೇರಿಸುತ್ತಾರೆ?

ಪಾರ್ವತಿ: ಸೇರಿಸಬಹುದು, ಕಾನೂನು ಅಡ್ಡ ಬರಲ್ಲ. ಮನೆಯವರು ಕೇಳಬೇಕಲ್ಲ.

ಬೋಪಣ್ಣ: ಯಾರೂ ಕೇಳಲ್ಲ. ರಫೀಕ್‌ನ ಗತಿ ನೋಡಿದ ಮೇಲೆ ಯಾರು ಕೇಳುತ್ತಾರೆ? ನಾಳೆ ನಮ್ಮ ನಡುಮನೆ, ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಇಡೋಕೂ ಅರ್ಜಿ ಹಾಕಬೇಕಾ ಅಂತ ನಮ್ಮ ಹಿರಿಯರು ಕೇಳುತ್ತಾರೆ.

ರಫೀಕ್: ಎರಡು ದಿನದಲ್ಲಿ ಒಬ್ಬನಾದರೂ ನನ್ನ ಪರ ಮಾತಾಡಿದ.

ಲತಾ: ಹಾಗಂತ ಐನ್‌ಮನೆಗಳು ಚೆನ್ನಾಗಿವೆ ಅಂತ ಹೇಳಬೇಡ ಬೋಪಣ್ಣ. ಎಷ್ಟು ಬಿದ್ದಿವೆ, ಎಷ್ಟು ಕೆಡವಿ ಆರ್‌ಸಿಸಿ ಮಾಡಿದ್ದಾರೆ ಅಂತ ನಿನಗೇ ಗೊತ್ತು. ಕೆಲವರು ಕಂಬ ಮಾರಿದ್ದಾರೆ. ಬೆಂಗಳೂರಿನ ರೆಸ್ಟೋರೆಂಟಲ್ಲಿ ಅಂಥದೇ ಕಂಬಗಳನ್ನು ನಾನೇ ನೋಡಿದ್ದೇನೆ.

ಬೋಪಣ್ಣ: ಗೊತ್ತು. ಮನೆ ಒಕ್ಕಕ್ಕೆ, ಅಂದರೆ ಇಡೀ ಕುಲಕ್ಕೆ ಸೇರಿದ್ದು. ಎಲ್ಲರದ್ದೂ ಆಗಿರೋದರಿಂದ ಖರ್ಚಿನ ಹೊತ್ತಿಗೆ ಯಾರದ್ದೂ ಅಲ್ಲ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಪುತ್ತರಿಗೆ, ಹಿರಿಯರನ್ನು ನೆನೆಯುವ ಕಾರಣರ ಕೆಲಸಕ್ಕೆ ಸೇರುತ್ತೇವೆ. ನಮ್ಮಲ್ಲಿ ಮಳೆಗೆ ಮೊದಲು ಹಂಚು ಕೈಯಾಡಿಸೋಕೆ ಮನೆಗೊಂದಿಷ್ಟು ಅಂತ ವಂತಿಗೆ ಹಾಕುತ್ತೇವೆ. ಕೊಡದವರ ಹೆಸರನ್ನು ಪುತ್ತರಿ ದಿನ ಎಲ್ಲರ ಎದುರು ಓದುತ್ತಾರೆ. ಅದಕ್ಕೇ ಮನೆ ಇನ್ನೂ ನಿಂತಿದೆ. ಹಾಗೆ ಸೇರದ ಒಕ್ಕಗಳ ಮನೆಗೆ ಮೊದಲು ಗೆದ್ದಲು ಹತ್ತುತ್ತದೆ, ಆಮೇಲೆ ಕೋರ್ಟ್ ಕೇಸು.

ಸುನಿಲ್: ವಂತಿಗೆ ಕೊಡದವರ ಹೆಸರು ಓದುವ ಪದ್ಧತಿ ಈ ಗುಂಪಿಗೂ ತರಬೇಕು ಶಶಿ.

ಶಶಿ: ನಿನ್ನ ಹೆಸರೇ ಮೊದಲು ಬರುತ್ತದೆ.

ಪಾರ್ವತಿ: ನನ್ನದೊಂದು ಸಲಹೆ. ಪಟ್ಟಿಗೆ ಸೇರಿಸುವ ಮಾತು ಬಿಡಿ. ಬೋಪಣ್ಣನ ಐನ್‌ಮನೆಯನ್ನು ಅಳತೆ ತೆಗೆದು ಪೂರ್ತಿ ನಕ್ಷೆ ಮಾಡಿಸೋಣ. ಜಗುಲಿಯ ಕೈಯಾಲೆ, ಕೂರುವ ಹಲಗೆ ಐಮರ, ಪೂಜೆಯ ಕೋಣೆ ಕನ್ನಿಕೊಂಬರೆ, ಹೊರಗಿನ ಹಿರಿಯರ ಗುಡಿ ಕೈಮಡ, ಎಲ್ಲ. ಯಾವ ಮರದ ಯಾವ ಜೋಡಣೆ, ತೊಲೆ ಎಷ್ಟು ದಪ್ಪ, ಸುಣ್ಣಕ್ಕೆ ಏನು ಬೆರೆಸಿದ್ದರು, ಎಲ್ಲ ಕಾಗದದ ಮೇಲೆ. ಮೈಸೂರಿಂದ ಆರ್ಕಿಟೆಕ್ಚರ್ ಓದುವ ಮಕ್ಕಳನ್ನು ಕರೆತರುತ್ತೇನೆ. ಅವರ ಬಸ್ಸು, ವಸತಿ, ಪ್ರಿಂಟು, ಇಷ್ಟಕ್ಕೆ ನಮ್ಮ ಹಣ ಸಾಕು. ನಾಳೆ ಒಂದು ತೊಲೆ ಬದಲಾಯಿಸಬೇಕು ಅಂದರೆ ನೋಡೋಕೆ ಏನಾದರೂ ಇರುತ್ತದೆ.

ಶಶಿ: ಇದರಲ್ಲಿ ನಮ್ಮ ಬ್ಯಾಚಿನ ಹೆಸರು ಎಲ್ಲಿ ಬರುತ್ತದೆ?

ಪಾರ್ವತಿ: ನಕ್ಷೆಯ ಕೆಳಗಿನ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ.

ಗಿರೀಶ: ಕಾಗದದಲ್ಲಿ ಉಳಿದರೆ ಮನೆ ಉಳಿದ ಹಾಗಾ? ಆ ಹಣವನ್ನು ಹಂಚಿಗೇ ಕೊಟ್ಟರೆ ಆಗಲ್ವಾ?

ಬೋಪಣ್ಣ: ಬೇರೆಯವರ ಹಣದಲ್ಲಿ ನಮ್ಮ ಮಾಡು ಕೈಯಾಡಿಸಲ್ಲ ಗಿರೀಶ. ಹಾಗೆ ಮಾಡಿದರೆ ಮುಂದಿನ ವರ್ಷ ಒಕ್ಕದವರು ಒಂದು ರೂಪಾಯಿ ಬಿಚ್ಚಲ್ಲ. ನಕ್ಷೆ ಬೇರೆ ವಿಷಯ. ಅದು ನಮ್ಮ ಕೈಯಲ್ಲಿ ಆಗದ ಕೆಲಸ.

ಗಿರೀಶ: ಅರೆಮನಸ್ಸಿನ ಒಪ್ಪಿಗೆ ನನ್ನದು. ಒಂದು ಷರತ್ತು. ಈ ಸಲ ಎಲ್ಲರೂ ಸೇರೋದು ಮುಳ್ಳೂರಲ್ಲಿ. ರೆಸಾರ್ಟ್ ಬೇಡ.

ಲತಾ: ನನಗೆ ಒಪ್ಪಿಗೆ. ಮಧ್ಯಾಹ್ನದ ಊಟ ನಿನ್ನ ಮನೆಯಲ್ಲಿ ತಾನೇ?

ಗಿರೀಶ: ಅದನ್ನೂ ಕೇಳಬೇಕಾ?

ಬೋಪಣ್ಣ: ನಕ್ಷೆಗೆ ನಾನೊಬ್ಬ ಹೂಂ ಅಂದರೆ ಆಗಲ್ಲ. ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಕೇಳಬೇಕು, ಒಕ್ಕದಲ್ಲಿ ಮಾತಾಡಬೇಕು. ಪುತ್ತರಿಗೆ ಎಲ್ಲರೂ ಬರುತ್ತಾರೆ, ಆಗ ಎತ್ತುತ್ತೇನೆ. ಕನ್ನಿಕೊಂಬರೆ ಒಳಗೆ ಟೇಪು ಹಿಡಿದು ಹೊರಗಿನವರು ಹೋಗೋದಕ್ಕೆ ಒಪ್ಪಲಿಕ್ಕಿಲ್ಲ. ಅದು ಬಿಟ್ಟು ಉಳಿದದ್ದು ಆಗಬಹುದು.

ಪಾರ್ವತಿ: ಆ ಕೋಣೆಯನ್ನು ನಕ್ಷೆಯಲ್ಲಿ ಖಾಲಿ ಬಿಡುತ್ತೇವೆ. ತೊಂದರೆ ಇಲ್ಲ. ಇಪ್ಪತ್ತು ಮಕ್ಕಳು, ಮೂರು ನಾಲ್ಕು ದಿನ. ಊಟಕ್ಕೆ ಹತ್ತಿರ ಯಾವುದಾದರೂ ಮೆಸ್ ಇದೆಯಾ?

ಬೋಪಣ್ಣ: ನಮ್ಮ ಮನೆಗೆ ಬಂದು ಮೆಸ್ಸಲ್ಲಿ ಊಟವಾ? ಹಂದಿ ತಿನ್ನದವರು ಎಷ್ಟು ಜನ ಅಂತ ಮಾತ್ರ ಮೊದಲೇ ಹೇಳಿಬಿಡು.